308 ಇಪಿಎಬಿಎಕ್ಸ್: ರೈಸ್ ಮಿಲ್ಲಿಗೆ ಡಬ್ಬಿ ಸಾಕು, ಲೈನ್ ನೀವೇ ನೋಡಿಕೊಳ್ಳಬೇಕು

ಇಪಿಎಬಿಎಕ್ಸ್ ಅಂದರೆ ಹೊರಗಿನ ಫೋನ್ ಲೈನುಗಳನ್ನು ಒಳಗಿನ ಫೋನುಗಳಿಗೆ ಹಂಚುವ ಡಬ್ಬಿ. 308 ಅಂದರೆ ಹೊರಗಿನ ಲೈನ್ 3, ಒಳಗಿನ ಎಕ್ಸ್‌ಟೆನ್ಷನ್ (ಒಳಗಿನ ಫೋನ್) 8. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಿಲ್ಲಿನಲ್ಲಿ ಆಫೀಸು, ಗೇಟು, ವೇಬ್ರಿಡ್ಜು, ಬಾಯ್ಲರು, ಗೋದಾಮು ಎಲ್ಲಕ್ಕೂ ಫೋನ್ ಕೊಟ್ಟ ಮೇಲೂ ಪೋರ್ಟ್ ಉಳಿಯುತ್ತವೆ.

ಆಪರೇಟರ್ ಕೆಲಸ ಒಂದು ದಿನದಲ್ಲಿ ಕೈಗೆ ಹತ್ತುತ್ತದೆ. ಹೊರಗಿನ ಕಾಲ್ ಒಳಗೆ ಕೊಡಲು ಫೋನಿನ ಫ್ಲ್ಯಾಶ್ ಬಟನ್ (ಲೈನನ್ನು ಕ್ಷಣ ಮಾತ್ರ ಕಡಿಯುವುದು) ಒತ್ತಿ, ಎಕ್ಸ್‌ಟೆನ್ಷನ್ ನಂಬರ್ ಒತ್ತಿ, ಆ ಕಡೆಯವರು "ಹಲೋ" ಅಂದ ಮೇಲೆ ರಿಸೀವರ್ ಇಟ್ಟರಾಯಿತು. ಫ್ಲ್ಯಾಶ್ ಒತ್ತಿದೊಡನೆ ಕಾಲ್ ಕಟ್ಟಾದರೆ ಮೊದಲು ಫೋನ್ ನೋಡಿ. ಫೋನಿನ ಫ್ಲ್ಯಾಶ್ 600 ಮಿಲಿಸೆಕೆಂಡ್ ಇದ್ದರೆ, ರಿಸೀವರ್ ಇಟ್ಟರೆಂದು ಡಬ್ಬಿ ತಿಳಿಯಬಹುದು. 300ಕ್ಕೋ 100ಕ್ಕೋ ಇಳಿಸಿ.

ನಿಜವಾದ ತಲೆನೋವು ಹೊರಗಿನ ಲೈನು. ತಾಮ್ರದ ಲೈನಿದ್ದಾಗ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರಿನ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಈಗ ಫೈಬರ್ ಮೋಡೆಮ್ಮಿನ ಫೋನ್ ಪೋರ್ಟಿನಿಂದ ಲೈನ್ ಎಳೆಯುತ್ತೇವೆ. ಡಬ್ಬಿಗೆ ಯುಪಿಎಸ್ ಕೊಟ್ಟು ಮೋಡೆಮ್ ಮರೆತರೆ, ಕರೆಂಟ್ ಹೋದಾಗ ಗೇಟಿನವರು ಬಾಯ್ಲರಿನವರ ಜೊತೆ ಮಾತಾಡಬಹುದು, ದಲಾಲಿ ಅಂಗಡಿಯ ಕಾಲ್ ಮಾತ್ರ ಬರೋದಿಲ್ಲ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿಸಿ.

ಇನ್ನೊಂದು: ಹೊರಗಿನವರು ಫೋನ್ ಇಟ್ಟರೂ ಲೈನ್ ಎಂಗೇಜ್ ಆಗಿಯೇ ಉಳಿಯುವುದು. ಬಿಜಿ ಟೋನ್ ಕೇಳಿಸಿಕೊಂಡೇ ಡಬ್ಬಿ ಲೈನ್ ಬಿಡುತ್ತದೆ. ನಮ್ಮಲ್ಲಿ ಅದು 400 ಹರ್ಟ್ಸ್, 0.75 ಸೆಕೆಂಡ್ ಸದ್ದು, ಅಷ್ಟೇ ಮೌನ. ಬೇರೆ ದೇಶದ ಸೆಟ್ಟಿಂಗ್ ಉಳಿದಿದ್ದರೆ ಗುರುತು ಹತ್ತುವುದಿಲ್ಲ. ಹಾಕಿಕೊಟ್ಟವರು ಇದನ್ನು ಪರೀಕ್ಷಿಸದೆ ಹೊರಟರೆ ಬಿಡಬೇಡಿ.

ವೈರಿಂಗಿಗೆ 0.5 ಮಿ.ಮೀ. ತಾಮ್ರದ ಹೆಣೆದ ಜೋಡಿ ಸಾಕು, ಅಂಗಳದ 200 ಮೀಟರ್ ಲೆಕ್ಕಕ್ಕೇ ಇಲ್ಲ. ಮೋಟಾರಿನ ತ್ರೀ ಫೇಸ್ ಕೇಬಲ್ ಪಕ್ಕ ಎಳೆದರೆ ಗುಂಯ್ ಅನ್ನುತ್ತದೆ. ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಿಸಿ. ಬಾಯ್ಲರ್ ಮನೆಯ ರೋಸೆಟ್ಟಿನಲ್ಲಿ (ಫೋನ್ ವೈರ್ ಸಿಕ್ಕಿಸುವ ಗೋಡೆಯ ಡಬ್ಬಿಯಲ್ಲಿ) ತೌಡಿನ ಧೂಳು ಕೂತು, ಆವಿ ತಾಗಿದರೆ ಕರೆಂಟ್ ಸೋರುತ್ತದೆ. ಯಾರೂ ಎತ್ತದಿದ್ದರೂ ಆ ಎಕ್ಸ್‌ಟೆನ್ಷನ್ ಬಿಜಿ ಅನ್ನುತ್ತದೆ. ಅಂಥ ಕಡೆ ಮುಚ್ಚಿದ ಪೆಟ್ಟಿಗೆ ಹಾಕಿ.

ಗೇಟಿಗೆ ಮೇಲಿಂದ ವೈರ್ ಎಳೆದಿದ್ದರೆ ಗುಡುಗು ಸಿಡಿಲಿನ ಕಾಲದಲ್ಲಿ ಮೊದಲು ಸುಡುವುದು ಅದೇ ಪೋರ್ಟು. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ, ಅದರ ಅರ್ಥಿಂಗ್ ತಂತಿ ನಿಜಕ್ಕೂ ನೆಲ ಮುಟ್ಟಿದೆಯೇ ನೋಡಿ. ಗೋಡೆಯ ಮೊಳೆಗೆ ಸುತ್ತಿ ಬಿಟ್ಟದ್ದನ್ನು ಅರ್ಥಿಂಗ್ ಅನ್ನೋದಿಲ್ಲ.

ಈ ಡಬ್ಬಿಗೆ ನನ್ನ ಅಂಕ ಐದಕ್ಕೆ ನಾಲ್ಕು.