ಕಾಲು ಕಾಣದ ಜಿಗಿತ: ನಾಲ್ಕು ಫಸ್ಟ್ ಪರ್ಸನ್ ಆಟಗಳು ಅಕ್ಕಪಕ್ಕದಲ್ಲಿ

ಫಸ್ಟ್ ಪರ್ಸನ್ ಆಟದಲ್ಲಿ, ಅಂದರೆ ಪಾತ್ರದ ಕಣ್ಣಿನಿಂದಲೇ ಲೋಕ ನೋಡುವ ವಿಡಿಯೊ ಆಟದಲ್ಲಿ, ಜಿಗಿಯುವುದೆಂದರೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡಿದ ಹಾಗೆ. ಎದುರಿನದ್ದೆಲ್ಲ ಕಾಣುತ್ತದೆ, ಕಾಲಬುಡ ಮಾತ್ರ ಕಾಣುವುದಿಲ್ಲ. ಮಾರಿಯೊ ತರಹದ ಆಟಗಳಲ್ಲಿ ಬೊಂಬೆಯ ನೆರಳು ನೆಲದ ಮೇಲೆ ಬಿದ್ದು, ಎಲ್ಲಿ ಇಳಿಯುತ್ತೀರಿ ಎಂದು ಅದೇ ಹೇಳಿಬಿಡುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಇಂಥ ಆಟಗಳನ್ನು ತೂಗುವಾಗ ಗ್ರಾಫಿಕ್ಸು, ಕಥೆ ಎಲ್ಲ ಆಮೇಲೆ. ಕಾಣದ ಕಾಲಿಗೆ ಆಟ ಏನು ಪರಿಹಾರ ಕೊಟ್ಟಿದೆ, ತಪ್ಪಿ ಬಿದ್ದರೆ ಎಷ್ಟು ದಂಡ ಕಟ್ಟಿಸಿಕೊಳ್ಳುತ್ತದೆ ಎಂಬ ಎರಡನ್ನು ಮೊದಲು ನೋಡಬೇಕು. ಮಿರರ್ಸ್ ಎಡ್ಜ್, ಎ ಸ್ಟೋರಿ ಅಬೌಟ್ ಮೈ ಅಂಕಲ್, ಸುಪ್ರಾಲ್ಯಾಂಡ್, ಮೆಟ್ರಾಯ್ಡ್ ಪ್ರೈಮ್ ರಿಮಾಸ್ಟರ್ಡ್ ಈ ನಾಲ್ಕನ್ನೂ ಕೊನೆಯವರೆಗೆ ಆಡಿ ನೋಡಿ ಹೋಲಿಸಿದ್ದು ಇದು. ಮೊದಲ ಮೂರು ಪಿಸಿಯಲ್ಲಿ ಕೀಬೋರ್ಡ್ ಮೌಸ್ ಹಿಡಿದು, ನಾಲ್ಕನೆಯದು ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲಿ.

ಸ್ವೀಡನ್ನಿನ ಡೈಸ್ ಸ್ಟುಡಿಯೊದ ಮಿರರ್ಸ್ ಎಡ್ಜ್ 2008ರಲ್ಲಿ ಕನ್ಸೋಲ್‌ಗಳಿಗೆ ಬಂತು, ಪಿಸಿಗೆ 2009ರ ಜನವರಿಯಲ್ಲಿ. ಅದರ ಪರಿಹಾರ ನೇರವಾದದ್ದು: ದೇಹವನ್ನೇ ತೋರಿಸಿಬಿಡುವುದು. ತಲೆ ತಗ್ಗಿಸಿದರೆ ನಾಯಕಿ ಫೇತ್‌ಳ ಬೂಟು ಕಾಣುತ್ತದೆ, ಓಡುವಾಗ ಕೈ ಬೀಸುವುದು ಕಾಣುತ್ತದೆ, ವೇಗ ಹೆಚ್ಚಿದಂತೆ ಏದುಸಿರು ಕೇಳುತ್ತದೆ. ಪರದೆಯ ನಡುವೆ ಒಂದು ಸಣ್ಣ ಚುಕ್ಕೆ ಇದೆ. ಅದು ಗುರಿ ಇಡುವುದಕ್ಕಲ್ಲ, ಕಣ್ಣಿಗೆ ಒಂದು ಆಧಾರ ಸಿಕ್ಕಿ ತಲೆ ಸುತ್ತದಿರಲಿ ಎಂದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆಯಬಹುದು, ಆದರೆ ತೆಗೆಯಬೇಡಿ.

ಈ ಆಟದ ಜೀವ ವೇಗದಲ್ಲಿದೆ. ಪೂರ್ತಿ ವೇಗ ಬರುವುದಕ್ಕೆ ಕೆಲವು ಸೆಕೆಂಡು ನೇರ ಓಟ ಬೇಕು. ಎತ್ತರದಿಂದ ಇಳಿಯುವಾಗ ನೆಲ ಮುಟ್ಟುವ ಕ್ಷಣಕ್ಕೆ ಮೊದಲು ಶಿಫ್ಟ್ ಒತ್ತಿದರೆ ಫೇತ್ ಉರುಳಿ ಎದ್ದು ಅದೇ ಓಟದಲ್ಲಿ ಮುಂದುವರಿಯುತ್ತಾಳೆ. ತಡವಾದರೆ ಮಂಡಿಯೂರಿ ನಿಂತು, ಗಳಿಸಿದ ವೇಗವೆಲ್ಲ ಸೊನ್ನೆ. ಹೊಸಬರು ತಪ್ಪುವುದು ಹೆಚ್ಚಾಗಿ ಗೋಡೆ ಓಟದಲ್ಲಿ. ಗೋಡೆಗೆ ಮೂಗು ಕೊಟ್ಟು ಹಾರಿದರೆ ಅದು ಗೋಡೆ ಹತ್ತುವುದಾಗುತ್ತದೆ, ಓಡುವುದಾಗುವುದಿಲ್ಲ. ಓರೆಯಾಗಿ ಬರಬೇಕು, ಸ್ಪೇಸ್ ಒತ್ತಿ ಹಿಡಿಯಬೇಕು. ಗೋಡೆಯ ಮೇಲಿರುವಾಗ ಕ್ಯೂ ಒತ್ತಿದರೆ ಮುಖ ಗೋಡೆಯಿಂದಾಚೆಗೆ 90 ಡಿಗ್ರಿ ತಿರುಗುತ್ತದೆ, ಆಗ ಮತ್ತೆ ಸ್ಪೇಸ್. ಇದೇ ಕ್ಯೂ ನೆಲದ ಮೇಲೆ 180 ಡಿಗ್ರಿ ತಿರುಗಿಸುತ್ತದೆ. ಮುಳ್ಳುತಂತಿಯ ಬೇಲಿ ದಾಟುವಾಗ ಗಾಳಿಯಲ್ಲೇ ಶಿಫ್ಟ್ ಒತ್ತಿ ಕಾಲು ಮಡಚಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಗುಲಿ ಓಟ ಕೆಡುತ್ತದೆ. ಕಾಣದ ಕಾಲಿಗೂ ಉದ್ದವಿದೆ ಎಂಬುದನ್ನು ಈ ನಾಲ್ಕರಲ್ಲಿ ಲೆಕ್ಕಕ್ಕೆ ಹಿಡಿದದ್ದು ಇದೊಂದೇ.

ಬೆಳ್ಳನೆಯ ಊರಿನಲ್ಲಿ ಹೋಗಬೇಕಾದ ಕಡೆಯ ಪೈಪು, ಬಾಗಿಲು, ಹಲಗೆ ಕೆಂಪಾಗುತ್ತವೆ. ದಾರಿ ಹುಡುಕುವ ಆಸೆಯಿದ್ದವರು ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಫ್ ಮಾಡಿ ಆಡಲಿ. ಹಾರ್ಡ್ ಮಟ್ಟದಲ್ಲಿ ಅದು ತಾನಾಗಿಯೇ ಇರುವುದಿಲ್ಲ. ಆದರೂ ಅನ್ವೇಷಣೆ ಎಂದು ಇಲ್ಲಿ ಸಿಗುವುದು ಅಧ್ಯಾಯಕ್ಕೆ ಮೂರರಂತೆ ಬಚ್ಚಿಟ್ಟ ಹಳದಿ ಚೀಲಗಳು ಮಾತ್ರ. ಉಳಿದಂತೆ ದಾರಿ ಒಂದೇ, ಎಷ್ಟು ಚೆಂದವಾಗಿ ಓಡುತ್ತೀರಿ ಎಂಬುದೇ ಪ್ರಶ್ನೆ. ಬಂದೂಕಿನ ಪೊಲೀಸರೊಡನೆ ಕೈಕೈ ಮಿಲಾಯಿಸಬೇಕಾದ ಕೋಣೆಗಳು ಈ ಆಟದ ಕಳಪೆ ಭಾಗ. ಅಲ್ಲಿ ಶೌರ್ಯ ತೋರದೆ ಪಕ್ಕದ ಮೆಟ್ಟಿಲು ಹಿಡಿದು ಓಡುವುದೇ ಲೇಸು.

ಪಿಸಿಯಲ್ಲಿ ಒಂದು ಹಳೆಯ ಕಾಯಿಲೆಯೂ ಇದೆ. ಗುಂಡು ತಾಗಿ ಗಾಜು ಒಡೆಯುವ ದೃಶ್ಯದಲ್ಲಿ, ಹೊಸ ಗ್ರಾಫಿಕ್ಸ್ ಕಾರ್ಡಿದ್ದರೂ ಫ್ರೇಮ್ ದರ (ಸೆಕೆಂಡಿಗೆ ತೋರುವ ಚಿತ್ರಗಳ ಸಂಖ್ಯೆ) ಒಂದಂಕಿಗೆ ಇಳಿದು ಆಟ ತೆವಳುತ್ತದೆ. ಗಾಜಿನ ಚೂರುಗಳ ಲೆಕ್ಕ ಮಾಡುವ ಹಳೆಯ ಫಿಸ್‌ಎಕ್ಸ್ ತಂತ್ರಾಂಶ ಆ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಲಾಗದೆ ಪ್ರೊಸೆಸರಿನ ಮೇಲೆ ಹೇರುವುದು ಕಾರಣ. ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಫಿಸ್‌ಎಕ್ಸ್ ಆಫ್ ಮಾಡಿದರೆ ಮುಗಿಯಿತು. ಹೋಗುವುದು ಹಾರಾಡುವ ಬಟ್ಟೆ, ಚೂರುಗಳ ಸೊಗಸು ಅಷ್ಟೆ. ಇದೇ ಸರಣಿಯ 2016ರ ಮಿರರ್ಸ್ ಎಡ್ಜ್ ಕ್ಯಾಟಲಿಸ್ಟ್ ಬೇಕೆ ಎಂದು ಕೇಳುವವರಿಗೆ: ಊರು ದೊಡ್ಡದಾಯಿತು, ದಾರಿ ಬಿಚ್ಚಿಕೊಂಡಿತು, ಆದರೆ ಉರುಳುವುದು, ಕ್ಷಣದಲ್ಲಿ ಹಿಂತಿರುಗುವುದು ಮುಂತಾದ ಮೂಲ ಪಟ್ಟುಗಳನ್ನೇ ಅಂಕ ಗಳಿಸಿ ಬಿಡಿಸಿಕೊಳ್ಳಬೇಕು. ನಡೆಯಲು ಬರುವವನಿಗೆ ನಡಿಗೆಯ ಲೈಸೆನ್ಸ್ ಕೊಟ್ಟಂತೆ.

ಎ ಸ್ಟೋರಿ ಅಬೌಟ್ ಮೈ ಅಂಕಲ್ ಕೂಡ ಸ್ವೀಡನ್ನಿನದೇ, ಗಾನ್ ನಾರ್ತ್ ಗೇಮ್ಸ್‌ನವರದು, 2014ರದು. ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು. ಇಲ್ಲಿ ಹೊಡೆದಾಟವಿಲ್ಲ. ಕಾಲಿನ ಸಮಸ್ಯೆಯನ್ನು ಇದು ಬಿಡಿಸುವುದಿಲ್ಲ, ಬದಿಗೆ ಸರಿಸುತ್ತದೆ. ನೀವು ನೋಡಬೇಕಾದದ್ದು ಇಳಿಯುವ ಕಲ್ಲನ್ನಲ್ಲ, ಜೋತುಬೀಳುವ ಕಲ್ಲನ್ನು. ಕೈಯಿಂದ ಹೊಮ್ಮುವ ಬೆಳಕಿನ ಹಗ್ಗ ಎದುರಿನ ಬಂಡೆಗೆ ಕಚ್ಚಿಕೊಂಡು ನಿಮ್ಮನ್ನು ಅತ್ತ ಎಳೆಯುತ್ತದೆ. ಕಣ್ಣಿನ ನೇರಕ್ಕೇ ಗುರಿ, ಹಾಗಾಗಿ ಫಸ್ಟ್ ಪರ್ಸನ್ ನೋಟ ಇಲ್ಲಿ ಅಡ್ಡಿಯಾಗುವ ಬದಲು ಒದಗಿಬರುತ್ತದೆ.

ಹಗ್ಗವನ್ನು ಕೊನೆಯವರೆಗೂ ಹಿಡಿದೇ ಇರುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಬಂಡೆಗೆ ಹೋಗಿ ಡಿಕ್ಕಿ ಹೊಡೆದು ವೇಗ ಕಳೆದುಕೊಂಡು ಕೆಳಗಿನ ಮಂಜಿಗೆ ಇಳಿಯುತ್ತೀರಿ. ಜೋಕಾಲಿಯಿಂದ ಮುಂದಕ್ಕೆ ಹಾರುವ ಮಕ್ಕಳಿಗೆ ಇದು ಗೊತ್ತು: ಮೇಲಕ್ಕೇರುತ್ತಿರುವಾಗಲೇ ಬಿಡಬೇಕು, ತುದಿ ಮುಟ್ಟಿದ ಮೇಲೆ ಬಿಟ್ಟರೆ ನೆಟ್ಟಗೆ ಬೀಳುವುದಷ್ಟೆ. ಬಂಡೆಯ ನಡುಭಾಗಕ್ಕೆ ಗುರಿಯಿಡುವ ಬದಲು ಮೇಲಂಚಿಗೆ ಇಟ್ಟರೆ ಎಳೆತ ನಿಮ್ಮನ್ನು ಬಂಡೆಯ ಮೇಲಕ್ಕೇ ಎತ್ತುತ್ತದೆ. ನೆಲ ಮುಟ್ಟುವವರೆಗೆ ಹಗ್ಗ ಎಷ್ಟು ಸಲ ಎಸೆಯಬಹುದು ಎಂಬುದಕ್ಕೆ ಮಿತಿಯಿದೆ. ಶುರುವಿನಲ್ಲಿ ಒಂದೇ ಸಲ, ಮುಂದೆ ಹೆಚ್ಚುತ್ತದೆ. ಆದ್ದರಿಂದ ಹಾರುವ ಮೊದಲೇ ಬಂಡೆಗಳನ್ನು ಎಣಿಸಿಕೊಳ್ಳಬೇಕು. ಕೊನೆಯ ಭಾಗದಲ್ಲಿ ರಾಕೆಟ್ ಬೂಟು ಸಿಗುತ್ತದೆ. ಅದನ್ನು ಹಾರಿದ ಕೂಡಲೇ ಖರ್ಚು ಮಾಡದೆ ಕೊನೆಯ ಎಸೆತ ತಪ್ಪಿದಾಗ ತಿದ್ದಿಕೊಳ್ಳಲು ಉಳಿಸಿಕೊಳ್ಳಿ. ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ಆಟ. ಕೆಲವು ಕಡೆ ಚೆಕ್‌ಪಾಯಿಂಟ್‌ಗಳ (ಬಿದ್ದ ಮೇಲೆ ಮತ್ತೆ ಶುರುವಾಗುವ ಜಾಗಗಳ) ನಡುವೆ ಅಂತರ ಹೆಚ್ಚಾಯಿತು ಅನ್ನಿಸುವುದು ನಿಜ, ಆದರೆ ಬಿದ್ದ ಮೇಲೆ ಮರುಶುರುವಿಗೆ ಕಾಯಬೇಕಿಲ್ಲ.

ಇವೆರಡರಲ್ಲೂ ಲೋಕ ದೊಡ್ಡದೆನಿಸಿದರೂ ಸುತ್ತುವುದಕ್ಕೆ ಜಾಗವಿಲ್ಲ. ಸುತ್ತಾಟವೇ ಬೇಕೆಂದರೆ ಸುಪ್ರಾಲ್ಯಾಂಡ್. ಜರ್ಮನಿಯ ಡೇವಿಡ್ ಮ್ಯೂನಿಶ್ 2019ರಲ್ಲಿ ಹೊರತಂದ ಆಟ. ಮಗುವಿನ ಮರಳುಗುಂಡಿಯೊಳಗೆ ಕೆಂಪು ಬೊಂಬೆಗಳ ಹಳ್ಳಿ, ಪೆನ್ಸಿಲು ಸ್ಕ್ರೂಗಳೇ ಅಲ್ಲಿನ ಮರ ಕಂಬ. ಇದರ ಪರಿಹಾರ ಉದಾರವಾದದ್ದು: ಜಿಗಿತದ ಅಳತೆ ತಪ್ಪಿದರೆ ಗಾಳಿಯಲ್ಲೇ ತಿದ್ದಿಕೊಳ್ಳಲು ಬಿಡುತ್ತದೆ. ಡಬಲ್ ಜಂಪ್, ಆಮೇಲೆ ಟ್ರಿಪಲ್ ಜಂಪ್ ಸಿಗುತ್ತವೆ. ಎರಡನೆಯದನ್ನು ಜಿಗಿತದ ನೆತ್ತಿಯಲ್ಲಿ ಒತ್ತಿದರೆ ಎತ್ತರ, ಇಳಿಯಲು ಶುರುವಾದ ಮೇಲೆ ಒತ್ತಿದರೆ ದೂರ. ಕೊನೆಯದೊಂದು ಜಂಪನ್ನು ಉಳಿಸಿಕೊಂಡು, ತಲೆ ತಗ್ಗಿಸಿ ನೆಲ ನೋಡಿ, ಆಮೇಲೆ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಕಾಲು ಕಾಣದ ಕೊರತೆ ಅಲ್ಲಿಗೆ ಅರ್ಧ ತೀರುತ್ತದೆ.

ಬೇಲಿಯ ಹಿಂದೆ, ಛಾವಣಿಯ ಮೇಲೆ, 'ಇಲ್ಲಿಗೆ ಬರಬಾರದಿತ್ತೇನೊ' ಅನ್ನಿಸುವ ಮೂಲೆಯಲ್ಲೇ ಪೆಟ್ಟಿಗೆ ಇರುತ್ತದೆ. ನಿಮ್ಮ ಕಳ್ಳದಾರಿಯನ್ನು ಆಟ ಮೊದಲೇ ಊಹಿಸಿರುತ್ತದೆ. ನೇರಳೆ ಘನವೊಂದನ್ನು ಸೃಷ್ಟಿಸುವ ಶಕ್ತಿ ಸಿಕ್ಕ ಮೇಲಂತೂ ಹಳೆಯ ಜಾಗಗಳಿಗೆಲ್ಲ ಮತ್ತೆ ಹೋಗಬೇಕು. ಗುಂಡಿ ಒತ್ತಿಹಿಡಿಯಲು, ಮೆಟ್ಟಿಲಾಗಿ ನಿಲ್ಲಲು ಅದೇ ಬೇಕು. ತೊಂದರೆ ಎರಡು. ಆಟದೊಳಗೆ ನಕ್ಷೆಯಿಲ್ಲ. ಒಂದು ವಾರ ಬಿಟ್ಟು ಬಂದರೆ ಎಲ್ಲಿ ಯಾವ ಬಾಗಿಲು ಬಾಕಿಯಿತ್ತೆಂದು ನೆನಪಿರುವುದಿಲ್ಲ. ತೆರೆಯಲಾಗದ್ದು ಕಂಡಾಗಲೆಲ್ಲ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಇನ್ನೊಂದು, ಗೋರಿಗಳಿಂದ ಎದ್ದು ಬರುವ ಶತ್ರುಗಳು. ಒಗಟಿನ ಮುಂದೆ ನಿಂತು ಯೋಚಿಸುವ ಹೊತ್ತಿಗೇ ಬೆನ್ನಿಗೆ ಬೀಳುತ್ತಾರೆ. ಗೋರಿ ಒಡೆಯುವ ಶಕ್ತಿ ಸಿಕ್ಕ ಕೂಡಲೇ ಹೋದಲ್ಲೆಲ್ಲ ಮೊದಲು ಅದನ್ನೇ ಮಾಡಿ.

ಮೆಟ್ರಾಯ್ಡ್ ಪ್ರೈಮ್ ನಾಲ್ಕರಲ್ಲಿ ಹಿರಿಯದು. ಟೆಕ್ಸಾಸ್‌ನ ರೆಟ್ರೊ ಸ್ಟುಡಿಯೋಸ್ 2002ರಲ್ಲಿ ನಿಂಟೆಂಡೊದ ಹಳೆಯ ಕನ್ಸೋಲ್ ಗೇಮ್‌ಕ್ಯೂಬ್‌ಗೆ ಮಾಡಿದ್ದು, ರಿಮಾಸ್ಟರ್ಡ್ ಬಂದದ್ದು 2023ರ ಫೆಬ್ರುವರಿಯಲ್ಲಿ ಸ್ವಿಚ್‌ಗೆ, ಸೆಕೆಂಡಿಗೆ 60 ಫ್ರೇಮ್. ಇದರ ಉಪಾಯ ಆಡುವವರ ಗಮನಕ್ಕೇ ಬರುವುದಿಲ್ಲ. ಗೇಮ್‌ಕ್ಯೂಬಿನ ಕಾಲದಲ್ಲೇ, ಬೀಳುತ್ತಿರುವಾಗ ಕ್ಯಾಮೆರಾ ತಾನಾಗಿ ತುಸು ಕೆಳಗೆ ಬಾಗಿ ಇಳಿಯುವ ಜಾಗ ತೋರಿಸುವಂತೆ ಮಾಡಿದ್ದರು. ಕಿರಿದಾದ ಕಡೆ ನಾಯಕಿ ಸೇಮಸ್ ಚೆಂಡಾಗಿ ಮುದುಡಿದಾಗ ನೋಟ ಹೊರಗಿನಿಂದ ಕಾಣುವಂತೆ ಬದಲಾಗುತ್ತದೆ. ಎತ್ತರದಿಂದ ಬಿದ್ದರೆ ಪೆಟ್ಟಿಲ್ಲ. ಅನುಮಾನ ಬಂದಲ್ಲೆಲ್ಲ ಆಟ ಹಾರುವವರ ಪಕ್ಷವನ್ನೇ ವಹಿಸುತ್ತದೆ.

ಆದರೆ ದಂಡ ಬೇರೆ ಕಡೆ ಇದೆ. ಸತ್ತರೆ ಹಿಂದಿನ ಸೇವ್ ಸ್ಟೇಷನ್‌ಗೇ ಹೋಗಬೇಕು. ಫೇಜಾನ್ ಮೈನ್ಸ್ ಎಂಬ ಗಣಿಯಲ್ಲಿ ಆ ಸ್ಟೇಷನ್‌ಗಳ ನಡುವಿನ ದಾರಿ ಉದ್ದ, ಅರ್ಧ ಗಂಟೆಯ ಶ್ರಮ ನೀರುಪಾಲಾಗುವುದು ಅಲ್ಲಿಯೇ. ಗಣಿಗೆ ಇಳಿಯುವ ಮುಂಚೆ ಜೀವಶಕ್ತಿ ಹೆಚ್ಚಿಸುವ ಎನರ್ಜಿ ಟ್ಯಾಂಕ್‌ಗಳನ್ನು ಹುಡುಕಿ ಕೂಡಿಸಿಕೊಳ್ಳಿ. ಕೊನೆಯಲ್ಲಿ ಬೇಕಾಗುವ 12 ಚೋಜೊ ಆರ್ಟಿಫ್ಯಾಕ್ಟ್‌ಗಳನ್ನು ಕಡೆಗೆ ಬಾಕಿ ಇಟ್ಟುಕೊಂಡರೆ ಮ್ಯಾಗ್ಮೂರಿನ ಲಾವಾ ಗುಹೆಗಳನ್ನು ಹತ್ತು ಸಲ ದಾಟಬೇಕಾದೀತು. ದಾರಿಯಲ್ಲಿ ಸಿಕ್ಕಹಾಗೆ ಎತ್ತಿಕೊಳ್ಳುವುದು ಜಾಣತನ. ನಿಯಂತ್ರಣದಲ್ಲಿ, ಒಂದು ಸ್ಟಿಕ್‌ನಿಂದ ನಡೆದು ಇನ್ನೊಂದರಿಂದ ನೋಡುವ ಡ್ಯುಯಲ್ ಸ್ಟಿಕ್ ಆಯ್ದುಕೊಳ್ಳಿ. ಕ್ಲಾಸಿಕ್ ವಿಧಾನದಲ್ಲಿ ಸುತ್ತ ನೋಡಬೇಕೆಂದರೆ ನಿಂತು ಗುಂಡಿ ಹಿಡಿಯಬೇಕು. ಹಳಬರಿಗೆ ಅದೇ ರುಚಿ, ಹೊಸಬರಿಗೆ ಕೈಕಟ್ಟಿದಂತೆ. ನಕ್ಷೆಯ ವಿಷಯದಲ್ಲಿ ಮಾತ್ರ ಸುಪ್ರಾಲ್ಯಾಂಡ್ ಇದರ ಮುಂದೆ ತಲೆ ತಗ್ಗಿಸಬೇಕು. ಮೂರು ಆಯಾಮದ ನಕ್ಷೆಯನ್ನು ತಿರುಗಿಸಿ, ಯಾವ ಕೋಣೆಯ ಯಾವ ಬಾಗಿಲು ಯಾವ ಬಣ್ಣದ್ದೆಂದು ನೋಡಬಹುದು.

ತಲೆ ಸುತ್ತುವವರಿಗೆ ಒಂದು ಮಾತು. ಮೋಷನ್ ಬ್ಲರ್, ತಲೆ ಅಲುಗಾಟ ಇವನ್ನು ಆಫ್ ಮಾಡಲು ಆಟ ಬಿಟ್ಟರೆ ಆಫ್ ಮಾಡಿ, ನೋಟದ ಅಗಲವನ್ನು (ಫೀಲ್ಡ್ ಆಫ್ ವ್ಯೂ) ಬದಲಿಸಲು ಬಿಟ್ಟರೆ 90ರಿಂದ 100 ಡಿಗ್ರಿಯ ನಡುವೆ ಇಡಿ. ಆದರೆ ಆಟದ ನಡುವೆ ಅದನ್ನು ಬದಲಿಸಬೇಡಿ. ನೋಟ ಅಗಲವಾದಷ್ಟೂ ಎದುರಿನ ಕಲ್ಲು ದೂರ ಕಾಣುತ್ತದೆ, ಕೈಗೆ ಕೂತಿದ್ದ ಅಂದಾಜೆಲ್ಲ ಕೆಡುತ್ತದೆ. ನಾಲ್ಕರಲ್ಲಿ ಹೊಟ್ಟೆ ತೊಳಸುವುದು ಹೆಚ್ಚು ಅಂಕಲ್‌ನಲ್ಲಿ, ಹಗ್ಗದ ತೂಗಾಟದಿಂದ. ಕಡಿಮೆ ಮೆಟ್ರಾಯ್ಡ್‌ನಲ್ಲಿ, ಹೆಲ್ಮೆಟ್ಟಿನ ಅಂಚು ಸದಾ ಕಣ್ಣಮುಂದೆ ನಿಂತಿರುವುದರಿಂದ. ಇಂಥ ಆಟ ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವೇ ಇದ್ದರೆ ಈ ನಾಲ್ಕಕ್ಕೂ ಮೊದಲು 2015ರ ರಿಫಂಕ್ಟ್ ಆಡಿ ನೋಡಿ. ಶತ್ರುವಿಲ್ಲ, ಸಾವಿಲ್ಲ, ಬಿದ್ದರೆ ಕೆಳಗೆ ನೀರು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲೇ ಓಕರಿಕೆ ಬಂದರೆ ಉಳಿದವಕ್ಕೆ ದುಡ್ಡು ಹಾಕಬೇಡಿ.