ಫೆಬ್ರುವರಿಯ ಕ್ರ್ಯಾಪಿಗೆ ಗಾಳ ದೋಣಿಯ ಮುಂದಿರಬೇಕೋ, ಹಿಂದಿರಬೇಕೋ?

ಅಟ್ಲಾಂಟಾದ ನಮ್ಮ ಮನೆಯಿಂದ ಅಲಬಾಮದ ವೈಸ್ ಲೇಕ್‌ಗೆ ಸುಮಾರು ಎರಡು ಗಂಟೆ ದಾರಿ. ಕೂಸಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1961ರಲ್ಲಿ ಮುಗಿದಾಗ ಆದ ಜಲಾಶಯ ಇದು. ಅಲ್ಲಿಯವರು ಇದನ್ನು ಜಗತ್ತಿನ ಕ್ರ್ಯಾಪಿ ರಾಜಧಾನಿ ಅಂತಲೇ ಕರೆಯುತ್ತಾರೆ. ಕ್ರ್ಯಾಪಿ ಅಂದರೆ ಬೆಳ್ಳಿ ಮೈ, ಅದರ ಮೇಲೆ ಕಪ್ಪು ಚುಕ್ಕೆ ಇರುವ ಚಪ್ಪಟೆ ಮೀನು. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ದಡದ ಹತ್ತಿರ ಬಂದು ಮೊಟ್ಟೆ ಇಡುತ್ತದೆ. ಫೆಬ್ರುವರಿಯಲ್ಲಿ ಇನ್ನೂ ಆಳದಲ್ಲೇ ಇರುತ್ತದೆ. ಮುಳುಗಿದ ಹಳೇ ಹಳ್ಳಗಳ ಅಂಚಿನಲ್ಲಿ ಗುಂಪಾಗಿ ನಿಂತು ಕಾಯುತ್ತದೆ.

ಈ ಹೊತ್ತಿನಲ್ಲಿ ನಿಂತಲ್ಲೇ ಗಾಳ ಹಾಕುವುದಕ್ಕಿಂತ ಟ್ರೋಲಿಂಗ್, ಅಂದರೆ ಸಾಗುವ ದೋಣಿಯಿಂದ ಗಾಳ ಹಾಕುವುದು, ಒಳ್ಳೆಯದು. ದೋಣಿ ಸಾಗುತ್ತಲೇ ಮೀನನ್ನು ಹುಡುಕಿಕೊಡುತ್ತದೆ. ಅದರಲ್ಲಿ ಎರಡು ಪದ್ಧತಿ. ಒಂದು ಸ್ಪೈಡರ್ ರಿಗ್ಗಿಂಗ್: ದೋಣಿಯ ಮೂತಿಯಲ್ಲಿ ಹನ್ನೆರಡರಿಂದ ಹದಿನಾರು ಅಡಿಯ ಕೋಲುಗಳನ್ನು ಜೇಡನ ಕಾಲಿನ ಹಾಗೆ ಚಾಚಿ, ಗಾಳವನ್ನು ನೇರ ಕೆಳಗೆ ಇಳಿಬಿಟ್ಟು ಮೆಲ್ಲಗೆ ಮುಂದೆ ಹೋಗುವುದು. ಇನ್ನೊಂದು ಲಾಂಗ್‌ಲೈನಿಂಗ್: ಒಂದೆರಡು ಗ್ರಾಂ ತೂಕದ, ಸೀಸದ ತಲೆಗೆ ಕೃತಕ ತಿಂಡಿ ಸೇರಿಸಿದ ಕೊಕ್ಕೆಗಳಾದ ಜಿಗ್‌ಗಳನ್ನು ದೂರ ಬಿಟ್ಟು ದೋಣಿಯ ಹಿಂದೆ ಎಳೆಯುವುದು. ಮೂರು ಫೆಬ್ರುವರಿ ಎರಡನ್ನೂ ಒಂದೇ ನೀರಿನಲ್ಲಿ ಮಾಡಿ ನೋಡಿದ್ದೇನೆ.

ನೀರು 50 ಡಿಗ್ರಿಗಿಂತ ಕೆಳಗಿದ್ದರೆ, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಹತ್ತರ ಒಳಗೆ, ನನ್ನ ಮತ ಸ್ಪೈಡರ್‌ಗೇ. ತಣ್ಣೀರಿನ ಮೀನಿಗೆ ಅಟ್ಟಿಸಿಕೊಂಡು ಬರುವ ಚುರುಕು ಇರುವುದಿಲ್ಲ. ತಿಂಡಿ ಬಾಯಿಯ ಹತ್ತಿರವೇ ಬರಬೇಕು. ಈ ಪದ್ಧತಿಯಲ್ಲಿ ಗಂಟೆಗೆ ಕಾಲು ಮೈಲಿ ವೇಗ ಸಾಕು. ದಾರದ ತುದಿಗೆ ಹದಿನಾಲ್ಕು ಗ್ರಾಂನ ಸೀಸದ ಗುಂಡು ಇರುವುದರಿಂದ ಆಳ ಹನ್ನೆರಡು ಅಡಿ ಅಂದರೆ ಹನ್ನೆರಡೇ ಅಡಿ. ಕ್ರ್ಯಾಪಿಯ ಕಣ್ಣು ಮೇಲ್ಮುಖ. ತನ್ನ ತಲೆಗಿಂತ ಕೆಳಗಿರುವುದನ್ನು ಅಷ್ಟಾಗಿ ಹುಡುಕುವುದಿಲ್ಲ. ನೀರೊಳಗಿನ ಮೀನನ್ನು ತೋರಿಸುವ ಸೋನಾರ್‌ನಲ್ಲಿ ಮೀನು ಹದಿಮೂರು ಅಡಿಯಲ್ಲಿ ಕಂಡರೆ ನಾನು ಗಾಳಕ್ಕೆ ಸಿಕ್ಕಿಸಿದ ಮಿನ್ನೋ ಎಂಬ ಚಿಕ್ಕ ಮೀನನ್ನು ಹನ್ನೆರಡಕ್ಕೆ ನಿಲ್ಲಿಸುತ್ತೇನೆ.

ಕಚ್ಚಿದ್ದು ಗೊತ್ತಾಗುವ ರೀತಿಯೂ ಬೇರೆ. ಕೋಲಿನ ತುದಿ ಕೆಳಗೆ ಬಗ್ಗುತ್ತದೆ ಅಂತ ಕಾಯುತ್ತೀರಿ, ಅಲ್ವಾ? ಎಷ್ಟೋ ಸಲ ಅದು ಮೇಲೇಳುತ್ತದೆ. ಮೀನು ಕೆಳಗಿನಿಂದ ಬಂದು ತಿಂಡಿ ಕಚ್ಚಿ ಮೇಲಕ್ಕೆ ಹೋಗುತ್ತದೆ, ಸೀಸದ ಭಾರ ಕಳೆಯುತ್ತದೆ, ಬಾಗಿದ್ದ ತುದಿ ಸದ್ದಿಲ್ಲದೆ ನೆಟ್ಟಗಾಗುತ್ತದೆ. ಆಗ ಕೋಲನ್ನು ಜೋರಾಗಿ ಎಳೆಯಬಾರದು. ಅದರ ಬಾಯಿ ಕಾಗದದಷ್ಟು ತೆಳು, ಹರಿದೇ ಹೋಗುತ್ತದೆ. ಮೆಲ್ಲಗೆ ಎತ್ತಿ, ಕೆಳಗೆ ಬಲೆ ಹಿಡಿಯಬೇಕು.

ಗಾಳಿ ಬೀಸಿದರೆ ಮಾತ್ರ ಸ್ಪೈಡರ್ ಕಷ್ಟ. ಅಲೆಗೆ ದೋಣಿಯ ಮೂತಿ ಎದ್ದು ಬಿದ್ದು, ಗಾಳವೂ ಅದರ ಜೊತೆ ಕುಣಿಯುತ್ತದೆ.

ಲಾಂಗ್‌ಲೈನಿಂಗ್‌ನ ಕಾಲ ಬರುವುದು ನೀರು 54, 55 ಡಿಗ್ರಿ ಮುಟ್ಟಿದಾಗ. ಮೀನು ಐದಾರು ಅಡಿ ನೀರಿಗೆ ಬಂದು ಚದುರುತ್ತದೆ. ತಿಳಿನೀರಿನಲ್ಲಿ ದೋಣಿ ತಲೆ ಮೇಲೆ ಬಂದರೆ ಪಕ್ಕಕ್ಕೆ ಸರಿಯುತ್ತದೆ. ದೋಣಿ ದಾಟಿ ಹೋದಮೇಲೆ ಹಿಂದಿನಿಂದ ಜಿಗ್ ಬಂದಾಗ ಅದಕ್ಕೆ ಅನುಮಾನ ಇರುವುದಿಲ್ಲ. ಇಲ್ಲಿ ಆಳವನ್ನು ನಿರ್ಧರಿಸುವುದು ವೇಗ: ಗಂಟೆಗೆ ಮುಕ್ಕಾಲು ಮೈಲಿಗಿಂತ ನಿಧಾನ ಮಾಡಿದರೆ ಜಿಗ್ ಇಳಿಯುತ್ತದೆ, ಜಾಸ್ತಿ ಮಾಡಿದರೆ ಏರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ತಿರುವು. ದೋಣಿ ಎಡಕ್ಕೆ ಹೊರಳಿದರೆ ಎಡಗಡೆಯ ಗಾಳಗಳು ನಿಧಾನಗೊಂಡು ಮುಳುಗುತ್ತವೆ, ಬಲಗಡೆಯವು ಓಡಿ ಮೇಲೇರುತ್ತವೆ. ಎಡಗಡೆಯೇ ಕಚ್ಚುತ್ತಿದ್ದರೆ ಮೀನು ಆಳ ಕೇಳುತ್ತಿದೆ ಅಂತ ಅರ್ಥ. ಆಮೇಲೆ ನೇರ ಹೋಗುವಾಗಲೂ ವೇಗ ಇಳಿಸುತ್ತೇನೆ. ಆದರೆ ತಿರುವನ್ನು ಚಿಕ್ಕದಾಗಿ ತೆಗೆದುಕೊಳ್ಳಬೇಡಿ. ಹೋದ ವರ್ಷ ಕೊಲ್ಲಿಯೊಂದರಲ್ಲಿ ಹಾಗೆ ಮಾಡಿ ಆರು ದಾರ ಹೆಣೆದುಕೊಂಡವು. ಎರಡು ನೀರೊಳಗಿನ ಮರದ ಬೊಡ್ಡೆಗೂ ಸಿಕ್ಕಿದವು. ಬಿಡಿಸುವಷ್ಟರಲ್ಲಿ ಬೆಳಗಿನ ಒಳ್ಳೇ ಹೊತ್ತೆಲ್ಲ ಹೋಯಿತು. ಚಳಿಗಾಲದಲ್ಲಿ ಇಲ್ಲಿ ನೀರಿನ ಮಟ್ಟ ಇಳಿಸಿರುತ್ತಾರೆ, ಬೊಡ್ಡೆಗಳು ಇನ್ನೂ ಹತ್ತಿರ ಬರುತ್ತವೆ.

ಹೊಸದಾಗಿ ಶುರು ಮಾಡುವವರು ಖರ್ಚು ನೋಡಿದರೆ ಲಾಂಗ್‌ಲೈನಿಂಗ್ ಸುಲಭ, ಮನೆಯಲ್ಲಿರುವ ಆರೇಳು ಅಡಿ ಕೋಲುಗಳೇ ನಡೆಯುತ್ತವೆ. ಸ್ಪೈಡರ್‌ಗೆ ಉದ್ದ ಕೋಲು, ಮುಂದೆ ಗಟ್ಟಿ ಸ್ಟ್ಯಾಂಡ್, ನಿಧಾನಕ್ಕೆ ಓಡುವ ಎಲೆಕ್ಟ್ರಿಕ್ ಮೋಟಾರ್ ಎಲ್ಲಾ ಬೇಕು. ಒಬ್ಬರು ಎಷ್ಟು ಕೋಲು ಹಾಕಬಹುದು ಅನ್ನುವ ನಿಯಮ ಎಲ್ಲ ಕಡೆ ಒಂದೇ ಅಲ್ಲ, ಲೈಸೆನ್ಸ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ. ನಾನಂತೂ ಈಗ ಎರಡು ಜೊತೆಯನ್ನೂ ದೋಣಿಯಲ್ಲಿ ಇಟ್ಟಿರುತ್ತೇನೆ. ಬೆಳಿಗ್ಗೆ ಹಳ್ಳದ ಅಂಚಿನಲ್ಲಿ ಸ್ಪೈಡರ್. ಮಧ್ಯಾಹ್ನ ಬಿಸಿಲಿಗೆ ಕೊಲ್ಲಿಯ ನೀರು ಎರಡು ಮೂರು ಡಿಗ್ರಿ ಏರಿದರೆ ಉದ್ದ ಕೋಲು ಒಳಗೆ, ಜಿಗ್ ಹಿಂದಕ್ಕೆ.