ಎದುರು ಗಾಳಿಗೆ ಒಂದೇ ಕಡೆ ಕುಂಟುತ್ತಿದ್ದ ಹಾಯಿದೋಣಿ: ಮೂರು ವರ್ಷ ಬಳಸಿದ ಮೇಲೆ

ನನ್ನದು ರಿಮೋಟ್‌ನಿಂದ ನಡೆಸುವ ಹಾಯಿದೋಣಿ. ಉದ್ದ 65 ಸೆಂಟಿಮೀಟರ್. ಎರಡು ಹಾಯಿ, ಕೆಳಗೆ ನೀರಿನೊಳಗೆ ಇಳಿಯುವ ತೆಳ್ಳಗಿನ ಹಲಗೆ, ಅದಕ್ಕೆ ಕೀಲ್ ಅನ್ನುತ್ತಾರೆ, ಅದರ ತುದಿಗೆ ಸೀಸದ ಗುಂಡು. ಓಡಿಸಲು ಮೋಟಾರ್ ಇಲ್ಲ. ಒಂದು ಸರ್ವೊ (ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಯಂತ್ರ) ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿ ಎಳೆಯುತ್ತದೆ, ಉಳಿದದ್ದು ಗಾಳಿಯ ಕೆಲಸ. 2022ರಲ್ಲಿ 14 ಸಾವಿರ ಕೊಟ್ಟು ತರಿಸಿದೆ. ನಾನು ಇರುವುದು ಕೊಪ್ಪಳದಲ್ಲಿ. ಹುಲಿಕೆರೆ ಹತ್ತಿರವೇ ಇದೆ, ಬಿಡುವಿದ್ದರೆ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರು. ಆಷಾಢದಲ್ಲಿ ನಮ್ಮ ಕಡೆ ಗಾಳಿಗೇನು ಬರ? ಕುಷ್ಟಗಿ ಕಡೆ ಹೋದರೆ ಗಾಳಿಯಂತ್ರಗಳೇ ಹೇಳುತ್ತವೆ.

ಬ್ರಾಂಡ್ ಹೆಸರು ಬರೆಯುತ್ತಿಲ್ಲ. ತಪ್ಪು ಅರ್ಧ ದೋಣಿಯದು, ಅರ್ಧ ನನ್ನದು.

ನೇರ ಎದುರು ಗಾಳಿಗೆ ಯಾವ ಹಾಯಿದೋಣಿಯೂ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆ ಹಿಡಿದು, ಒಮ್ಮೆ ಬಲ ಮಗ್ಗುಲಿಗೆ ಗಾಳಿ, ಒಮ್ಮೆ ಎಡ ಮಗ್ಗುಲಿಗೆ ಗಾಳಿ ಅಂತ ಅಂಕುಡೊಂಕಾಗಿ ಸಾಗಬೇಕು. ಘಾಟಿ ರಸ್ತೆ ಹತ್ತಿದ ಹಾಗೆ. ಬಲದಿಂದ ಗಾಳಿ ಬಂದಾಗ ನನ್ನ ದೋಣಿ ದಾರ ಹಿಡಿದು ಎಳೆದಂತೆ ಹೋಗುತ್ತಿತ್ತು. ಎಡದಿಂದ ಬಂದಾಗ ಮೂತಿ ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಮೊದಲು ಗಮನಿಸಿದ್ದು ನಾನಲ್ಲ, ನನ್ನ ಅಕ್ಕನ ಮಗ. "ಮಾಮಾ, ಈ ಕಡೆ ಹೊಂಟ್ರ ಯಾಕ ಕುಂಟತೈತಿ ಇದು?" ಅಂದ. ಗಾಳಿ ಹಂಗೈತಿ ಸುಮ್ನಿರು ಅಂದೆ.

ಒಂದು ವರ್ಷ ಹೀಗೇ ಗಾಳಿಯ ಮೇಲೆ ಹಾಕಿ ಕಳೆದೆ. ಪೂರ್ತಿ ಸುಳ್ಳೂ ಅಲ್ಲ ಅದು. ಕೆರೆ ಏರಿಯ ಹತ್ತಿರ ಗಾಳಿ ಬಾಗುತ್ತದೆ. ಅಲೆ ಓರೆಯಾಗಿ ಬಂದರೆ ಒಂದು ಕಡೆ ಮೂತಿಗೇ ಬಡಿಯುತ್ತದೆ. ಆದರೆ ಹಿನ್ನೀರಿನ ಬಯಲಲ್ಲೂ ಅದೇ ಕಡೆ ಕುಂಟಿತು. ಗುರುತಿಗೆ ಖಾಲಿ ಬಾಟಲಿಗೆ ದಾರದಲ್ಲಿ ಕಲ್ಲು ಕಟ್ಟಿ ತೇಲಿಬಿಟ್ಟು, ಅಲ್ಲಿಂದ 30 ಎಣಿಸುವವರೆಗೆ ಬಲ ಮಗ್ಗುಲು, ಮತ್ತೆ ಅಲ್ಲಿಂದಲೇ 30 ಎಣಿಸುವವರೆಗೆ ಎಡ ಮಗ್ಗುಲು ಓಡಿಸಿದೆ. ಹತ್ತು ಸಲ ಮಾಡಿದರೆ ಹತ್ತು ಸಲವೂ ಎಡದ್ದೇ ಹಿಂದೆ. ಜಾಗ ಬದಲಾದರೂ ರೋಗ ಬದಲಾಗದಿದ್ದರೆ ರೋಗ ದೋಣಿಯದೇ ಅಲ್ವಾ?

ಮುಂಬೈಯಲ್ಲಿ ದೊಡ್ಡ ಕೀಲ್ ದೋಣಿ ನಡೆಸುವ ಗೆಳೆಯನಿಗೆ ಫೋನ್ ಮಾಡಿದೆ. ಹಾಯಿಕಂಬವನ್ನು ಎರಡೂ ಪಕ್ಕದಿಂದ ಹಿಡಿದಿರುವ ತಂತಿ ನೋಡು, ಒಂದು ಸಡಿಲ ಒಂದು ಬಿಗಿ ಇರಬಹುದು ಅಂದ. ನನ್ನದಕ್ಕೆ ಪಕ್ಕದ ತಂತಿಯೇ ಇಲ್ಲ. ಆದರೂ ಕಂಬದ ತುದಿಯಿಂದ ಎರಡೂ ಅಂಚಿಗೆ ಟೇಪ್ ಹಿಡಿದೆ. ಸಮ ಇತ್ತು. ಚುಕ್ಕಾಣಿ ರಿಮೋಟ್‌ನ ಟ್ರಿಮ್ (ಚುಕ್ಕಾಣಿಯನ್ನು ನೇರಕ್ಕೆ ಹೊಂದಿಸುವ ಗುಂಡಿ) ನಡುವಿನಲ್ಲಿದ್ದರೂ ಕೂದಲೆಳೆಯಷ್ಟು ಓರೆ ನಿಂತಿತ್ತು. ಸರಿ ಮಾಡಿದೆ. ಕುಂಟು ನಿಲ್ಲಲಿಲ್ಲ. ಹಾಗಾದರೆ ಹಾಯಿಯೇ ಹಾಳಾಗಿದೆ ಅಂತ 3,200 ರೂಪಾಯಿ ಕೊಟ್ಟು ಹೊಸ ಜೋಡಿ ತರಿಸಿದೆ. ಹೊಸ ಹಾಯಿ ಹಾಕಿಕೊಂಡು ದೋಣಿ ಅದೇ ಕಡೆ, ಅಷ್ಟೇ ಕುಂಟಿತು.

ಚಿಕ್ಕವರಿದ್ದಾಗ ಗಾಳಿಪಟ ಒಂದೇ ಕಡೆ ವಾಲಿದರೆ ಕಾಗದ ಬದಲಿಸುತ್ತಿದ್ದೆವಾ? ಸೂತ್ರ ಬಿಚ್ಚಿ ಕಟ್ಟುತ್ತಿದ್ದೆವು. ಇದು ನೆನಪಾಗಿದ್ದು ದುಡ್ಡು ಹೋದ ಮೇಲೆ.

ಆ ಭಾನುವಾರ ಎರಡು ದಿಂಬಿನ ಮೇಲೆ ದೋಣಿಯನ್ನು ಬೋರಲು ಮಲಗಿಸಿದೆ. ಅಮ್ಮನ ಹೊಲಿಗೆ ಯಂತ್ರದಿಂದ ಕಪ್ಪು ದಾರ ತಂದು ಮೂತಿಯ ತುದಿಯಿಂದ ಚುಕ್ಕಾಣಿಯ ಕಡ್ಡಿವರೆಗೆ, ಕೀಲ್‌ನ ಬುಡಕ್ಕೆ ತಾಗುವ ಹಾಗೆ ಎಳೆದು ಹಿಡಿದೆ. ಕೀಲ್‌ನ ಮುಂದಿನ ಅಂಚು ಬಲಕ್ಕೆ, ಹಿಂದಿನ ಅಂಚು ಎಡಕ್ಕೆ ಸರಿದಿತ್ತು. ಹಿಂದೆ ಸುಮಾರು ಎರಡು ಮಿಲಿಮೀಟರ್. ನೋಡಿದರೆ ಏನೂ ಅನಿಸದು. ಆದರೆ ಕೀಲ್ ನೀರಿನೊಳಗಿನ ರೆಕ್ಕೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದೇ ಅದು. ರೆಕ್ಕೆ ಬಲಕ್ಕೆ ತಿರುಗಿದ್ದರೆ ಬಲದಿಂದ ಗಾಳಿ ಬಂದಾಗ ಅನುಕೂಲ: ಗಾಳಿ ಎಡಕ್ಕೆ ತಳ್ಳಿದರೆ ರೆಕ್ಕೆ ಬಲಕ್ಕೆ ಎಳೆಯುತ್ತದೆ. ಎಡದಿಂದ ಬಂದಾಗ ಆ ಓರೆಯನ್ನೂ ತುಂಬಿಕೊಡಲು ದೋಣಿ ಜಾಸ್ತಿ ಜಾರಲೇಬೇಕು.

ಓರೆಯಾಗಿದ್ದು ಹೇಗೆ? ಕೀಲ್‌ನ ತಲೆ ಒಂದು ಸಂದಿಯೊಳಗೆ ಕೂರುತ್ತದೆ, ಮೇಲಿಂದ ನಟ್. ಸಂದಿ ಸ್ವಲ್ಪ ಸಡಿಲ, ಅದು ಕಂಪನಿಯ ತಪ್ಪು. ನಾನು ಪ್ರತಿ ಸಲ ನಟ್ ಬಿಗಿ ಮಾಡುವಾಗ ಕೀಲ್ ಹಿಡಿದುಕೊಳ್ಳುತ್ತಿರಲಿಲ್ಲ. ನಟ್ ಜೊತೆ ಅದೂ ಬಲಕ್ಕೆ ತಿರುಗುತ್ತಿತ್ತು. ತಲೆಯ ಎರಡೂ ಪಕ್ಕಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ, ಗುಂಡನ್ನು ಚುಕ್ಕಾಣಿಯ ನೇರಕ್ಕೆ ಹಿಡಿದು ಬಿಗಿ ಮಾಡಿದೆ. ಖರ್ಚು ಹತ್ತು ರೂಪಾಯಿ.

ಈಗ ಎರಡೂ ಕಡೆ ಸಮ. ಒಂದು ಬೇಜಾರು: ಬಲ ಮಗ್ಗುಲಿನ ಆ ಹಳೆಯ ಓಟ ಇಲ್ಲ. ನಾನು ಒಳ್ಳೆಯದು ಅಂದುಕೊಂಡಿದ್ದೂ ಅದೇ ಓರೆಯ ಕೊಡುಗೆ.

ಉಳಿದದ್ದು ಬೇಗ ಹೇಳುತ್ತೇನೆ. ಸರ್ವೊ ಇನ್ನೂ ಗಟ್ಟಿ. ಒಳಗೆ ಹನಿ ನೀರು ಬರುತ್ತದೆ, ಪ್ರತಿ ಸಲ ಒರೆಸಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಹಾಯಿ ಬಿಡಬೇಡಿ, ಸುಕ್ಕಾಗುತ್ತದೆ. ಮೊಣಕಾಲು ನೀರಾದರೂ ಬೇಕು, ಹಾಗಾಗಿ ಬೇಸಿಗೆಯಲ್ಲಿ ದೋಣಿ ಅಟ್ಟದ ಮೇಲೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗಲೂ ಕೆಲವು ವಾರ ಇಳಿಸಲಿಲ್ಲ. ಸುತ್ತ ಎಲ್ಲರೂ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ಕುಳಿತಿದ್ದಾಗ ಆಟಿಕೆ ಹಿಡಿದು ಹೋಗಲು ಮನಸ್ಸು ಬರಲಿಲ್ಲ.

ಐದಕ್ಕೆ ನಾಲ್ಕು ಅಂಕ. ಹಳೆಯ ಹಾಯಿಯನ್ನೇ ಮತ್ತೆ ಹಾಕಿದ್ದೇನೆ. 3,200 ರೂಪಾಯಿಯದು ಬೀರುವಿನಲ್ಲಿದೆ, ಅಕ್ಕನ ಮಗ ಅದಕ್ಕೆ ಈಗಾಗಲೇ ಕಣ್ಣು ಹಾಕಿದ್ದಾನೆ.